ಆರು ಕ್ರಿಯಾಪದ, ಒಂದು ಬೀಡಿ, ಒಂದು ಕೊಪ್ಪರಿಗೆ ಬೆಲ್ಲ

ಒಲೆಯ ಮೇಲೆ ಹಾಲಿಟ್ಟು ಕಾಯುವಾಗ ನಾನು ಫ್ರೆಂಚ್ ಹೇಳುತ್ತೇನೆ. ಜಂಬಕ್ಕೆ ಹೇಳಿಕೊಳ್ಳುತ್ತಿಲ್ಲ, ಅದೊಂದು ಚಟ. ಕೆಲವರು ಹಾಲಿನ ಮುಂದೆ ನಿಂತು ಮೊಬೈಲು ನೋಡುತ್ತಾರೆ, ಕೆಲವರು ದೇವರ ನಾಮ ಗುನುಗುತ್ತಾರೆ. ನನ್ನ ಬಾಯಿಂದ ತಾನಾಗಿಯೇ ‘ಫಿನಿ, ಫಿನಿ, ಫಿನಿ, ಫಿನೀಮ್, ಫಿನೀತ್, ಫಿನೀರ್’ ಎಂದು ಹೊರಡುತ್ತದೆ. ದೊಡ್ಡ ಅರ್ಥವೇನಿಲ್ಲ. ನಾನು ಮುಗಿಸಿದೆ, ನೀನು ಮುಗಿಸಿದೆ, ಅವನು ಮುಗಿಸಿದ, ನಾವು ಮುಗಿಸಿದೆವು, ನೀವು ಮುಗಿಸಿದಿರಿ, ಅವರು ಮುಗಿಸಿದರು, ಅಷ್ಟೆ. ಹಾಲು ಉಕ್ಕುವುದಿಲ್ಲವೇ ಎಂದು ನೀವು ಕೇಳಬಹುದು. ಉಕ್ಕುತ್ತದೆ. ಎಲ್ಲರೂ ಮುಗಿಸುವ ಹೊತ್ತಿಗೆ ಸರಿಯಾಗಿ ಉಕ್ಕುತ್ತದೆ. ನನ್ನ ಹೆಂಡತಿ ಒರೆಸುವ ಬಟ್ಟೆ ಹಿಡಿದು ಬಂದು, “ಮುಗೀತಾ ಪಾರಾಯಣ?” ಎಂದು ಕೇಳಿ, ಒಲೆ ಆರಿಸಿ, ನನ್ನನ್ನು ಪಕ್ಕಕ್ಕೆ ಸರಿಸುತ್ತಾಳೆ. ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ನಡೆದುಬಂದಿರುವ ಕ್ರಮವಿದು.

ಪಾಂಡವಪುರದವನಿಗೆ ಫ್ರೆಂಚ್ ಯಾಕೆ ಎಂದು ಕೇಳುವವರಿಗೆ ನನ್ನ ಬಳಿ ಎರಡು ಉತ್ತರಗಳಿವೆ. ಭಾಷಣಕ್ಕೆ ಇಟ್ಟುಕೊಂಡಿರುವ ಉತ್ತರ ಹೀಗಿದೆ: ನಮ್ಮ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಶ್ರೀರಂಗಪಟ್ಟಣದ ಸುಲ್ತಾನರ ಕಡೆಯ ಫ್ರೆಂಚ್ ಸಿಪಾಯಿಗಳು ಈ ಬಂಡೆಗಳ ನಡುವೆ ಬೀಡುಬಿಟ್ಟಿದ್ದರಂತೆ, ಇತಿಹಾಸದಲ್ಲಿ ಎಂ.ಎ. ಮಾಡುವವನು ಅವರ ಕಾಗದಪತ್ರಗಳನ್ನು ಅವರದೇ ಭಾಷೆಯಲ್ಲಿ ಓದಬೇಡವೇ? ಇನ್ನೊಂದು ಉತ್ತರ: ಮೈಸೂರಿನಲ್ಲಿ ಸಂಜೆಯ ಫ್ರೆಂಚ್ ಡಿಪ್ಲೊಮಾ ತರಗತಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ನನ್ನ ಹಾಸ್ಟೆಲಿನ ಕೋಣೆಯಲ್ಲಿ ತಿರುಗುತ್ತಿರಲಿಲ್ಲ. ಎರಡರಲ್ಲಿ ಯಾವುದು ನಿಜವಾದ ಕಾರಣವೋ ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ.

ಈ ಅಪನಂಬಿಕೆಯನ್ನು ನನಗೆ ಹತ್ತಿಸಿದವನು ಶ್ರೀರಂಗಪಟ್ಟಣದ ಒಬ್ಬ ಗೈಡು. ಎಂ.ಎ. ಮೊದಲ ವರ್ಷದಲ್ಲಿ ಕೋಟೆಯ ನೆಲಮಾಳಿಗೆ ನೋಡಲು ಹೋದಾಗ ಆತ ನಮಗೆ, ಇಲ್ಲಿ ಮುನ್ನೂರು ಜನ ಕೈದಿಗಳಿದ್ದರು ಎಂದ. ಹದಿನೈದು ನಿಮಿಷದ ನಂತರ ಬಂದ ಇನ್ನೊಂದು ಗುಂಪಿಗೆ ಐನೂರು ಎಂದ. ಕಾಲು ಗಂಟೆಯಲ್ಲಿ ಇನ್ನೂರು ಜನ ಎಲ್ಲಿಂದ ಬಂದರು ಎಂದು ನಾನು ಜಗಳಕ್ಕೆ ನಿಂತೆ. ಆತ ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ, “ಸಾ, ನಿಮ್ತಾವ ಡಿಗ್ರಿ ಐತೆ, ನನ್ತಾವ ಗಿರಾಕಿ ಐತೆ. ಇಬ್ರೂ ಬದುಕಣ ಬುಡಿ” ಎಂದ. ಆವತ್ತಿನಿಂದ ಯಾರು ಏನೇ ಹೇಳಿದರೂ ‘ಆಧಾರ ಎಲ್ಲಿ?’ ಎಂದು ಕೇಳುವುದು ನನ್ನ ಸ್ವಭಾವವಾಯಿತು. ಮುಂದೆ ನಾಗಮಂಗಲದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿದಷ್ಟು ಕಾಲವೂ ಅದನ್ನೇ ಕೇಳಿದೆ. ಹುಡುಗರು ನನ್ನ ಬೆನ್ನ ಹಿಂದೆ ‘ಆಧಾರ್ ಕಾರ್ಡು’ ಎನ್ನುತ್ತಿದ್ದರು. ಅದಕ್ಕೆ ಮಾತ್ರ ಆಧಾರವಿದೆ, ನಾನೇ ಕೇಳಿಸಿಕೊಂಡಿದ್ದೇನೆ.

ಫ್ರೆಂಚಿಗೆ ಬರೋಣ. ಆ ಭಾಷೆಯಲ್ಲಿ ಒಂದು ಭೂತಕಾಲವಿದೆ, ಅದು ಪುಸ್ತಕದಲ್ಲಿ ಮಾತ್ರ ಬದುಕಿರುತ್ತದೆ. ರಾಜ ಯುದ್ಧಕ್ಕೆ ಹೊರಟನು, ರಾಣಿ ನಿಟ್ಟುಸಿರಿಟ್ಟಳು ಎಂದು ಕಥೆ ಬರೆಯುವಾಗ ಬಳಸುತ್ತಾರೆ. ಬಾಯಲ್ಲಿ ಯಾರೂ ಆಡುವುದಿಲ್ಲ. ನನ್ನ ‘ಫಿನಿ, ಫಿನಿ’ ಅದೇ. ನಮಗೆ ಕಲಿಸುತ್ತಿದ್ದವರು ಪುದುಚೇರಿ ಕಡೆಯ ವಯಸ್ಸಾದ ಮೇಡಂ. ಬೀದಿಯಲ್ಲಿ ಈ ರೂಪ ಬಳಸಿದರೆ ಜನ ನಿಮ್ಮ ತಲೆಯ ಮೇಲೆ ಕಿರೀಟ ಹುಡುಕುತ್ತಾರೆ ಎಂದು ಎಚ್ಚರಿಸುತ್ತಿದ್ದರು. ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಹಳಗನ್ನಡದಲ್ಲಿ ‘ಇಡ್ಡಲಿಗೆಯೆರಡಂ ತಾ’ ಎಂದ ಹಾಗೆ ಎಂದು ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡೆ. ಯಾರೂ ಆಡದ ಮಾತನ್ನು ನಾನು ಯಾಕೆ ಕಲಿಯಬೇಕು, ಆಧಾರ ಎಲ್ಲಿ ಎಂದು ಮೇಡಮ್ಮನ್ನೂ ಕೇಳಿದೆ. ಪರೀಕ್ಷೆಯಲ್ಲಿ ಫೇಲಾದೆ. ಅದೂ ಒಂದು ಆಧಾರವೇ.

ಇಲ್ಲಿಂದ ಮುಂದಿನದು ನಾನು ನೂರಾರು ಸಲ ಹೇಳಿರುವ ಕಥೆ. ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ನಾಗಮಂಗಲದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ. ಕಥೆ ಹೀಗೆ: ಫೇಲಾದ ವರ್ಷ ನಾನು ಬೂಕನಕೆರೆ ಕಡೆಯ ಸೋದರಮಾವನ ಆಲೆಮನೆಗೆ ಹೋದೆ. ಮಾವ ಬೆಲ್ಲ ಕಾಯಿಸುವುದರಲ್ಲಿ ಎತ್ತಿದ ಕೈ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾದ ಮೇಲೆ ಅದನ್ನು ಅಗಲವಾದ ತೊಟ್ಟಿಗೆ ಸುರಿಯುತ್ತಾರೆ. ಸುರಿದ ತಕ್ಷಣ ಮುಟ್ಟಬಾರದು. ಬೇಗ ತಿರುವಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ತೊಟ್ಟಿಯಲ್ಲೇ ಕಲ್ಲಾಗುತ್ತದೆ. ಎಷ್ಟು ಹೊತ್ತು ಕಾಯಬೇಕು? ಒಂದು ಬೀಡಿಯಷ್ಟು. ಮಾವ ಪಾಕ ಸುರಿದು ಬೀಡಿ ಹಚ್ಚುತ್ತಿದ್ದ, ಬೀಡಿ ಮುಗಿದ ಮೇಲೆ ಪಾಕ ತಿರುವುವ ಗೋರೆ ಎತ್ತುತ್ತಿದ್ದ. ಆ ವರ್ಷ ಡಾಕ್ಟರು ಬೀಡಿ ಬಿಡಿಸಿಬಿಟ್ಟರು. ಮಾವನಿಗೆ ದಿಕ್ಕೇ ತೋಚಲಿಲ್ಲ. ಆಗ ಮೂಲೆಯಲ್ಲಿ ಕೂತು ಫ್ರೆಂಚ್ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದ ನಾನು ಉಪಯೋಗಕ್ಕೆ ಬಂದೆ. ಕೊಡು, ಮುಗಿಸು, ಇರು, ಹೊಂದಿರು, ಮಾಡು, ಬಾ. ಈ ಆರು ಕ್ರಿಯಾಪದಗಳ ಆ ಪುಸ್ತಕದ ಭೂತಕಾಲದ ಆರಾರು ರೂಪ ಹೇಳಿ ಮುಗಿಸುವುದಕ್ಕೂ ಬೆಲ್ಲ ಹದಕ್ಕೆ ಬರುವುದಕ್ಕೂ ಸರಿಹೋಯಿತು. ಇಡೀ ಸುಗ್ಗಿ ನಾನು ಹೇಳಿದೆ, ಮಾವ ತಿರುವಿದ. ಬೆಲ್ಲವೂ ಪಾಸು, ನಾನೂ ಪಾಸು.

ಚೆನ್ನಾಗಿದೆಯಲ್ಲವೇ? ನನಗೂ ಚೆನ್ನಾಗಿಯೇ ಅನಿಸುತ್ತಿತ್ತು, ಕಳೆದ ವಾರ ಚೈತ್ರಾಳ ಫೋನು ಬರುವವರೆಗೆ.

ಚೈತ್ರಾ ಮಾವನ ಮೊಮ್ಮಗಳು. ಅವಳ ತಾಯಿ, ಮಾವನ ಮಗಳು ಜಯಾ ಈಗ ಆಲೆಮನೆ ನಡೆಸುತ್ತಿದ್ದಾಳೆ; ಚೈತ್ರಾ ಆ ಬೆಲ್ಲವನ್ನು ಚೆಂದದ ಪೊಟ್ಟಣ ಮಾಡಿ ಮೈಸೂರಿನ ಮೇಳದಲ್ಲಿ ಮೊದಲ ಸಲ ಮಾರಲು ಹೊರಟಿದ್ದಾಳೆ. “ದೊಡ್ಡಪ್ಪ, ಅಲ್ಲಿ ಐವತ್ತು ಬೆಲ್ಲದ ಅಂಗಡಿ ಇರ್ತವೆ. ಎಲ್ಲಾರೂ ‘ಶುದ್ಧ’ ಅಂತಲೇ ಹಾಕ್ಕೊಂಡಿರ್ತಾರೆ. ನಮ್ಮದನ್ನ ಯಾಕೆ ತಗೋಬೇಕು ಹೇಳಿ? ನಮ್ಮತ್ರ ನಿಮ್ಮ ಕಥೆ ಇದೆಯಲ್ಲ! ಪೊಟ್ಟಣದ ಮೇಲೆ ಐದೇ ಸಾಲು ಬರ್ಕೊಡಿ. ಕೆಳಗೆ ನಿಮ್ಮ ಹೆಸರು, ಇತಿಹಾಸದ ನಿವೃತ್ತ ಪ್ರಾಧ್ಯಾಪಕರು ಅಂತ. ಸೋಮವಾರ ಪ್ರಿಂಟಿಗೆ ಹೋಗ್ಬೇಕು” ಎಂದಳು.

ಬಾಯಲ್ಲಿ ಹೇಳುವ ಕಥೆ ಬೇರೆ, ಹೆಸರು ಹಾಕಿ ಅಚ್ಚು ಮಾಡಿಸುವ ಕಥೆ ಬೇರೆ. ಪೆನ್ನು ಹಿಡಿದು ಕೂತ ತಕ್ಷಣ ನನ್ನೊಳಗಿನ ಆಧಾರ್ ಕಾರ್ಡು ಎದ್ದು ಕೂತಿತು. ಇದು ನಿಜವಾಗಿ ನಡೆದದ್ದೇ? ಅಥವಾ ಪ್ರತಿ ಗುಂಪಿಗೂ ಇನ್ನೂರು ಕೈದಿ ಸೇರಿಸುತ್ತಾ ಬಂದ ಗೈಡು ನಾನೇ ಇರಬಹುದೇ?

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮೊಬೈಲಿನ ಗಡಿಯಾರ ಇಟ್ಟುಕೊಂಡು ಆರೂ ಕ್ರಿಯಾಪದ ಹೇಳಿದೆ. ಒಂದು ನಿಮಿಷ ಹತ್ತು ಸೆಕೆಂಡು. ಬೀಡಿ ಎಷ್ಟು ಹೊತ್ತು ಉರಿಯುತ್ತದೆ? ನಾನು ಸೇದುವವನಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ, ಪರಿಚಯದ ಆಟೋ ಕೆಂಪಣ್ಣನನ್ನು ಹಿಡಿದು, ಒಂದು ಬೀಡಿ ಸೇದಿ ತೋರಿಸಪ್ಪಾ ಎಂದೆ. ಆತ ನನ್ನನ್ನೂ ಮೊಬೈಲನ್ನೂ ನೋಡಿದ.

“ಯಾಕ್ ಸಾ, ವಿಡಿಯೋ ಗಿಡಿಯೋ ತೆಗ್ದು ಕೇಸ್ ಆಕ್ಸೀರಾ?”

“ಇಲ್ಲ ಕೆಂಪಣ್ಣ, ಟೈಮು ನೋಡಬೇಕು.”

“ಬೀಡಿ ಬುಡು ಅನ್ನೋರ್ನ ನೋಡಿವ್ನಿ. ಬೀಡಿಗೆ ಟೈಮ್ ಇಕ್ಕೋರ್ನ ಇವತ್ತೇ ಕಂಡಿದ್ದು” ಎಂದು ನಗುತ್ತಾ ಸೇದಿದ. ನಾಲ್ಕು ನಿಮಿಷ ಚಿಲ್ಲರೆ. ಇನ್ನೊಂದು ಸೇದಿ ತೋರಿಸಲೇ ಎಂದು ಕೇಳಿದ. ವಿಜ್ಞಾನದ ದೃಷ್ಟಿಯಿಂದ ಬೇಕಾಗಿತ್ತು, ಅವನ ಎದೆಯ ದೃಷ್ಟಿಯಿಂದ ಬೇಡವೆಂದೆ.

ಒಂದು ನಿಮಿಷ ಹತ್ತು ಸೆಕೆಂಡು ಎಲ್ಲಿ, ನಾಲ್ಕು ನಿಮಿಷ ಎಲ್ಲಿ. ಕಥೆ ನಿಂತಲ್ಲೇ ಕುಸಿಯಿತು. ನನ್ನ ಇಡೀ ಯೌವನದಲ್ಲಿ ನಾನು ಯಾರಿಗಾದರೂ ಉಪಯೋಗಕ್ಕೆ ಬಂದ ಒಂದೇ ಒಂದು ಸಂದರ್ಭವೆಂದು ನಂಬಿಕೊಂಡಿದ್ದು ಅದು. ಆ ಸಂಜೆ ಹಾಲು ಕಾಯಿಸುವಾಗ ಬಾಯಿ ಬಿಡಲಿಲ್ಲ. ಹಾಲು ಉಕ್ಕಲಿಲ್ಲ. ಹೆಂಡತಿ ಬಂದು ಹಣೆ ಮುಟ್ಟಿ ನೋಡಿದಳು.

ಮಾರನೆಯ ಬೆಳಿಗ್ಗೆಯೇ ಕೆ.ಆರ್.ಪೇಟೆ ಬಸ್ಸು ಹತ್ತಿ ಬೂಕನಕೆರೆಯಲ್ಲಿ ಇಳಿದೆ. ಆಲೆಮನೆಯ ಹೊರಗೆ, ಒಣಗಿದ ಕಬ್ಬಿನ ಸಿಪ್ಪೆಯ ಬಣವೆಯ ನೆರಳಲ್ಲಿ ಮಾವ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎಂಬತ್ತು ದಾಟಿದೆ. ಹಲ್ಲೆಲ್ಲ ಹೋಗಿದೆ, ಬಾಯಿ ಹೋಗಿಲ್ಲ.

“ಯಾರ್ಲಾ ಅದು, ಶಿವೂನಾ? ಪಾಂಡವಪುರದಿಂದ ಇಲ್ಲಿಗೆ ಬರಕ್ಕೆ ಒಂದು ವರ್ಸ ಬೇಕಾಯ್ತೇನ್ಲಾ? ಜಯಾ, ನಿಮ್ ಬಾವ ಬಂದವ್ನೆ, ಒಸಿ ಕಬ್ಬಿನಾಲು ಕೊಡವ್ವ. ನಿಂಬೆಹಣ್ಣು ಇಂಡು. ಮೇಷ್ಟ್ರು ಗಂಟ್ಲು ಒಣಗಿರ್ತದೆ.”

ಜಯಾ ಲೋಟ ತಂದುಕೊಟ್ಟಳು. ಚೈತ್ರಾ ಪೊಟ್ಟಣದ ಮಾದರಿ ಹಿಡಿದು ಬಂದು ನಿಂತಳು. ಅದರ ಮೇಲೆ ಐದು ಸಾಲಿನ ಜಾಗ ಖಾಲಿ ಇತ್ತು. ನಾನು ಮೊಬೈಲು ತೆಗೆದು ಲೆಕ್ಕವನ್ನೆಲ್ಲ ಮಾವನ ಮುಂದೆ ಇಟ್ಟೆ. ಕ್ರಿಯಾಪದಕ್ಕೆ ಇಷ್ಟು, ಬೀಡಿಗೆ ಇಷ್ಟು, ಹೊಂದುವುದಿಲ್ಲ ಮಾವ, ನಿಜ ಏನು ಹೇಳು ಎಂದೆ.

ಮಾವ ನಗಲು ಶುರುಮಾಡಿದ. ನಗುತ್ತಾ ನಗುತ್ತಾ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

“ಲೇ, ಬೆಲ್ಲದ ಅದ ನೋಡಕ್ಕೆ ನಂಗೆ ನಿನ್ನ ಮಂತ್ರ ಬೇಕಿತ್ತೇನ್ಲಾ? ಕಣ್ಣಿರ್ಲಿಲ್ವಾ? ಪಾಕದ ಮ್ಯಾಲೆ ಕೆನೆ ಕಟ್ತಾ? ತಿರುವು. ಅಷ್ಟೆಯಾ.”

“ಮತ್ತೆ ದಿನಕ್ಕೆ ಮೂರು ಕೊಪ್ಪರಿಗೆಗೂ ನನ್ನ ಕೈಲಿ ಹೇಳಿಸಿದ್ದು?”

“ನಿಮ್ಮವ್ವ ಬಂದು ಅತ್ತಿದ್ಲು ಕಣ್ಲಾ. ‘ಅಣ್ಣಯ್ಯ, ಫೇಲಾಗವ್ನೆ, ಪುಸ್ತಕ ಮುಟ್ಟಲ್ಲ, ಮಕ ಗಂಟಾಕ್ಕಂಡು ಕುಂತಿರ್ತಾನೆ’ ಅಂತ. ನಿಂಗೆ ಓದ್ಲಾ ಅಂದ್ರೆ ಓದೀಯಾ? ಯಾಕೆ ಓದ್ಬೇಕು ಅಂತ ನನ್ನೇ ಕೇಳೋನು. ಅದ್ಕೆ, ನೀನು ಹೇಳ್ದಿದ್ರೆ ಬೆಲ್ಲ ಕೆಡ್ತದೆ ಅಂದೆ. ಕುಂತ್ಕಂಡು ಹೇಳ್ದೆ ನೋಡು, ಬಸವನಂಗೆ!”

ನಲವತ್ತು ವರ್ಷ ನಾನು ಬೆಲ್ಲದ ಹದ ನೋಡಿದೆ ಎಂದುಕೊಂಡಿದ್ದೆ. ಹದ ನೋಡುತ್ತಿದ್ದವನು ಮಾವ, ಪಾಕ ನಾನು.

“ಹೋಗಲಿ, ಬೀಡಿ? ಡಾಕ್ಟರು ಬಿಡಿಸಿದ್ದು ನಿಜ ತಾನೆ?”

ಮಾವ ಒಮ್ಮೆ ಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಬುಟ್ಟವ್ನೆ ಅಂತ ನಿಮ್ಮತ್ತೆ ನಂಬಿದ್ಲು. ನೀನು ಕಣ್ಮುಚ್ಕಂಡು ಭಜನೆ ಸುರು ಮಾಡ್ತಿದ್ದಂಗೆ ನಾನು ಈ ಬಣವೆ ಹಿಂದ್ಕೋಗಿ ಒಂದು ಎಳ್ಕಂಡು ಬತ್ತಿದ್ದೆ. ನಾನು ಬರೋಗಂಟ ನೀನು ತಿರ್ಗಾ ತಿರ್ಗಾ ಅದ್ನೇ ಹೇಳ್ತಿದ್ದೆ. ಒಂದ್ಸಲಕ್ಕೇ ನಿಲ್ಲುಸ್ತಿದ್ದೆ ಅಂತ ನಿಂಗೆ ಯಾರ್ಲಾ ಹೇಳಿದ್ದು?”

“ತಡೀರಿ, ಅವ್ವಂಗೆ ಹೇಳ್ತೀನಿ” ಎಂದಳು ಜಯಾ.

“ಹೇಳು. ಈ ವಯಸ್ನಲ್ಲಿ ಡೈವರ್ಸು ಕೊಟ್ಟಾಳಾ!”

ಲೆಕ್ಕವೇನೋ ಹೊಂದಿತು. ನಾಲ್ಕು ನಿಮಿಷದ ಗುಟ್ಟು ಬಣವೆಯ ಹಿಂದೆ ಇತ್ತು. ಆದರೆ ಕಥೆ ಸತ್ತಿತು. ಫ್ರೆಂಚಿನಿಂದ ಬೆಲ್ಲ ಹದಕ್ಕೆ ಬರಲಿಲ್ಲ, ಫೇಲಾದ ಹುಡುಗನೊಬ್ಬನನ್ನು ಕೂರಿಸಲು ಹೇಳಿದ ಸುಳ್ಳದು. ಅದನ್ನು ಪೊಟ್ಟಣದ ಮೇಲೆ ಹೇಗೆ ಹಾಕುವುದು? ಚೈತ್ರಾ ಖಾಲಿ ಜಾಗವಿರುವ ಮಾದರಿಯನ್ನು ಎರಡು ಸಲ ಮಡಚಿ ಕೈಯಲ್ಲಿಟ್ಟುಕೊಂಡಳು. “ಪರವಾಗಿಲ್ಲ ದೊಡ್ಡಪ್ಪ, ‘ಶುದ್ಧ’ ಅಂತಲೇ ಹಾಕಣ” ಎಂದಳು. ನನ್ನ ಸತ್ಯನಿಷ್ಠೆಯ ಮೇಲೆ ನನಗೇ ಸಿಟ್ಟು ಬಂತು.

ಅಷ್ಟರಲ್ಲಿ ಒಳಗಿನಿಂದ ಪಾಕ ಬಂತೆಂದು ಕೂಗಿದರು. ಜಯಾ ಸೆರಗು ಸಿಕ್ಕಿಸಿ ಓಡಿದಳು. ನಾವೂ ಹಿಂದೆ ಹೋದೆವು. ಇಬ್ಬರು ಆಳುಗಳು ಕೊಪ್ಪರಿಗೆ ಬಗ್ಗಿಸಿ ಪಾಕವನ್ನು ತೊಟ್ಟಿಗೆ ಹರಿಯಬಿಟ್ಟರು. ಬಂಗಾರದ ಬಣ್ಣ, ಮೂಗಿಗೆ ಆ ಬಿಸಿ ಸಿಹಿ. ಆಳುಗಳು ಗೋರೆ ಹಿಡಿದು ಜಯಾಳ ಮುಖ ನೋಡುತ್ತಾ ನಿಂತರು. ಜಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ರಾಗಿ ಬೀಸುವವರ ಹಾಗೆ ಒಂದೇ ದನಿಯಲ್ಲಿ ಶುರುಮಾಡಿದಳು.

“ದೊನೆ, ದೊನಾ, ದೊನಾ, ದೊನಾಮು, ದೊನಾತು, ದೊನೇರು. ಫಿನಿ, ಫಿನಿ, ಫಿನಿ, ಫಿನೀಮು, ಫಿನೀತು... ಖೊಹ್ಹು ಖೊಹ್ಹು, ಥೂ ಆಳಾದ್ ಹೊಗೆ! ಫಿನೀರು.”

ನನ್ನ ಕೈಯಲ್ಲಿದ್ದ ಲೋಟ ಓರೆಯಾಗಿ ಕಬ್ಬಿನ ಹಾಲು ಅಂಗಿಯ ಮೇಲೆ ಸುರಿಯಿತು. ಆ ಒಂದು ಸುಗ್ಗಿಯ ನಂತರ ಬೆಲ್ಲ ಕಾಯಿಸುವ ಹೊತ್ತಿಗೆ ನಾನು ಇಲ್ಲಿಗೆ ಬಂದವನೇ ಅಲ್ಲ.

ಜಯಾ ಆರೂ ಕ್ರಿಯಾಪದ ಮುಗಿಸಿದಳು. ಮತ್ತೆ ಮೊದಲಿನಿಂದ ಹೇಳಿದಳು. ಅದೇ ಜಾಗದಲ್ಲಿ ಮತ್ತೆ ಕೆಮ್ಮಿದಳು, ಅದೇ ಜಾಗದಲ್ಲಿ ಹೊಗೆಗೆ ಬೈದಳು. ಮೂರನೆಯ ಸಲವೂ ಹಾಗೆಯೇ. ಕೊನೆಯ ರೂಪ, ‘ಅವರು ಬಂದರು’ ಎಂಬುದರ ಫ್ರೆಂಚು, ಬಾಯಿಂದ ಬಿದ್ದ ಕೂಡಲೇ ಆಳುಗಳು ಗೋರೆ ಹಾಕಿ ತಿರುವತೊಡಗಿದರು. ನನ್ನ ಕೈ ತಾನಾಗಿ ಮೊಬೈಲು ಒತ್ತಿತ್ತು: ಕೆಮ್ಮು, ಬೈಗುಳ ಎಲ್ಲ ಸೇರಿ ನಾಲ್ಕು ನಿಮಿಷ ಹತ್ತು ಸೆಕೆಂಡು. ಕೆಂಪಣ್ಣನ ಬೀಡಿಗೆ ಕೂದಲೆಳೆಯ ವ್ಯತ್ಯಾಸ.

“ಜಯಾ, ಇದು ಏನು?”

“ಏನು ಅಂದ್ರೆ? ನಿಂದೇ ಅಲ್ವಾ ಬಾವ! ಅಪ್ಪ ಕೆಲ್ಸ ನಂಗೆ ಬುಟ್ಟಾಗ ಕೆನೆ ಗಿನೆ ನಂಗೆಲ್ಲಿ ಗೊತ್ತಾಯ್ತದೆ? ಚಿಕ್ಕೋಳಿದ್ದಾಗ ನೀನು ಕುಂತ್ಕಂಡು ಹೇಳ್ತಿದ್ದೆಯಲ್ಲ, ಬಾಯಿಗೆ ಬಂದಿತ್ತು. ಮೂರ್ ಸಲ ಹೇಳದು, ತಿರುವದು. ಇಪ್ಪತ್ತು ವರ್ಸದಿಂದ ಒಂದು ತೊಟ್ಟಿ ಕೆಟ್ಟಿಲ್ಲ.”

“ಆ ಕೆಮ್ಮು?”

“ಕೆಮ್ಮೂ ನಿಂದೇಯ. ಅಲ್ಲೇ ಕೆಮ್ತಿದ್ದೆ ನೀನು, ದಿನಾ.”

“ಅಮ್ಮ ಏನೋ ಹಾಡ್ಕೋತಾಳೆ ಅನ್ಕೊಂಡಿದ್ದೆ, ಇದೇನಾ ನಿಮ್ಮ ಫ್ರೆಂಚು!” ಎಂದಳು ಚೈತ್ರಾ.

ನಾನು ತಲೆಯೆತ್ತಿ ನೋಡಿದೆ. ಈಗಿನ ಆಲೆಮನೆಗೆ ಎತ್ತರದ ಚಿಮಣಿ ಇದೆ, ಒಳಗೆ ಒಂದು ಎಳೆ ಹೊಗೆ ಇಲ್ಲ. ಆದರೂ ಅಲ್ಲಿ ದಿನಕ್ಕೆ ಮೂರು ಹೊತ್ತು ನನ್ನ ಇಪ್ಪತ್ತೊಂದನೆಯ ವಯಸ್ಸಿನ ಕೆಮ್ಮು ಕೆಮ್ಮಲಾಗುತ್ತಿದೆ. ಈ ಕೆಮ್ಮು ನನಗೆ ನೆನಪೇ ಇರಲಿಲ್ಲ. ನನ್ನ ನೆನಪು ನನ್ನನ್ನು ತಡವರಿಸದೆ ಒಪ್ಪಿಸುವ ಜಾಣ ಹುಡುಗನನ್ನಾಗಿ ಇಟ್ಟುಕೊಂಡಿತ್ತು. ಹೊಗೆ ಕುಡಿದು ಬೈಯುವ ಫೇಲಾದ ಹುಡುಗನನ್ನು ಜಯಾ ಇಟ್ಟುಕೊಂಡಿದ್ದಳು. ಕಥೆಯನ್ನು ಯಾರು ಬೇಕಾದರೂ ಕಟ್ಟಬಹುದು ಸ್ವಾಮಿ, ಕೆಮ್ಮನ್ನು ಯಾರೂ ಕಟ್ಟಲಾರರು. ಮೂವತ್ತು ವರ್ಷ ಪಾಠ ಮಾಡಿದವನಿಗೆ ಇಂಥ ಆಧಾರ ಒಂದೇ ಒಂದು ಸಲವೂ ಸಿಕ್ಕಿರಲಿಲ್ಲ.

“ನಿನಗೆ ಗೊತ್ತಿದ್ದೂ ಅವಳಿಗೆ ಹೇಳಲಿಲ್ಲವಾ?” ಎಂದು ಮಾವನನ್ನು ಕೇಳಿದೆ.

“ಹೇಳಣ ಅಂತ್ಲೇ ಇದ್ದೆ ಕಣ್ಲಾ. ಬೆಲ್ಲ ನೋಡುದ್ರೆ ನನ್ ಬೆಲ್ಲಕ್ಕಿಂತ ಚೆಂದಾಗ್ ಬಂತು. ಬಾಯಿ ಮುಚ್ಕಂಡೆ” ಎಂದ ಮಾವ.

ಊಟವಾದ ಮೇಲೆ ಸಂಜೆಯ ಕೊಪ್ಪರಿಗೆಗೆ ನಾನೇ ಹೇಳಬೇಕೆಂದು ಎಲ್ಲರೂ ಹಟ ಹಿಡಿದರು. ಚೈತ್ರಾ ವಿಡಿಯೋ ಮಾಡಲು ನಿಂತಳು. ಮೂಲ ಕೃತಿಕಾರನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು, ಪುದುಚೇರಿಯ ಮೇಡಂ ಮೆಚ್ಚುವಂಥ ಉಚ್ಚಾರಣೆಯಲ್ಲಿ ಶುರುಮಾಡಿದೆ. ಮೊದಲನೆಯದು ಮುಗಿಯಿತು. ಎರಡನೆಯದರಲ್ಲಿ ಫಿನೀಮ್, ಫಿನೀತ್, ಫಿನೀರ್ ಎನ್ನುತ್ತಿದ್ದಂತೆ ಗೋರೆ ಹಿಡಿದ ಆಳು ಕೈಯೆತ್ತಿದ.

“ತಪ್ಪಾಯ್ತು ಸಾ.”

“ಏನಪ್ಪಾ ತಪ್ಪು?”

“ಕೆಮ್ಮು ಬುಟ್ಬುಟ್ರಿ. ಅಲ್ಲಿ ಕೆಮ್ಬೇಕು.”

“ಅಲ್ಲಯ್ಯಾ, ಅದು ಫ್ರೆಂಚಿನಲ್ಲಿ ಇಲ್ಲ...”

“ಫ್ರೆಂಚ್ನಲ್ ಇಲ್ದಿದ್ರೆ ಬೆಲ್ಲದಲ್ಲಿ ಐತೆ” ಎಂದಳು ಜಯಾ. “ಮಾತಾಡ್ತಾ ನಿಂತ್ರೆ ಕಟ್ಕಂಬುಡ್ತದೆ ಬಾವ, ಬ್ಯಾಗ ಕೆಮ್ಮು!”

“ಕೆಮ್ಲಾ ಶಿವು!” ಎಂದು ಮಾವ ಬಾಗಿಲಿನಿಂದ ಕೂಗಿದ.

ತೊಟ್ಟಿಯ ಪಾಕ ಅಂಚಿನಲ್ಲಿ ಮಂಕಾಗತೊಡಗಿತ್ತು. ವಾದಕ್ಕೆ ಸಮಯವಿರಲಿಲ್ಲ. ಕೆಮ್ಮಿದೆ. ಹೊಗೆಗೆ ಬೈದೆ. ನಲವತ್ತು ವರ್ಷದಲ್ಲಿ ಅಷ್ಟು ಹಗುರಾಗಿ ನಾನು ಏನನ್ನೂ ಬೈದಿರಲಿಲ್ಲ. ಬೆಲ್ಲ ಅಚ್ಚಿನಲ್ಲಿ ನಿಂತಿತು.

ಐದು ಸಾಲನ್ನು ಅಲ್ಲೇ, ಸಿಪ್ಪೆಯ ಬಣವೆಗೆ ಒರಗಿ ಬರೆದುಕೊಟ್ಟೆ. ಹಿಂದೆ ಏನಾಯಿತು ಎಂಬುದರ ಗೊಡವೆಗೆ ಹೋಗಲಿಲ್ಲ. ಬೂಕನಕೆರೆ ಕಡೆಯ ಈ ಆಲೆಮನೆಯಲ್ಲಿ, ಫ್ರೆಂಚರೇ ಬಾಯಲ್ಲಿ ಆಡದ ರೂಪದಲ್ಲಿ ಆರು ಕ್ರಿಯಾಪದಗಳನ್ನು ಮೂರು ಸಲ ಹೇಳಿ, ಪ್ರತಿ ಸಲ ಒಂದು ಕೆಮ್ಮು ಕೆಮ್ಮಿ ಬೆಲ್ಲ ತಿರುವುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಜಯಾ ಓದಿಸಿಕೊಂಡು, “ಬೆಲ್ಲದ ಮ್ಯಾಲೆ ಕೆಮ್ಮು ಅಂತ ಬರುದ್ರೆ ಯಾರ್ ತಗಂಡರು? ಒಡ್ದಾಕು ಅದ್ನ” ಎಂದಳು. ಇದ್ದ ಒಂದೇ ಆಧಾರವನ್ನು ಹೊಡೆದುಹಾಕಿದೆ. ಚೈತ್ರಾ ನಕ್ಕುಬಿಟ್ಟಳು, ಮಡಚಿದ್ದ ಮಾದರಿಯನ್ನು ಬಿಡಿಸಿ ತೊಡೆಯ ಮೇಲೆ ನೀವಿದಳು.

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಆಕೆ ಹೊಸ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದಳು. ಬೆಲ್ಲವೋ ಕಥೆಯೋ, ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹಾಲಿನ ಮುಂದೆ ನಿಂತು ಮತ್ತೆ ಶುರುಮಾಡಿದೆ. ಫಿನೀಮ್, ಫಿನೀತ್. ಅಲ್ಲಿ ನಿಲ್ಲಿಸಿ, ಗಂಟಲು ಸೆಳೆದು, ನಿಯಮದ ಪ್ರಕಾರ ಕೆಮ್ಮಿದೆ. ಹಾಲು ಮೇಲೇರುತ್ತಿತ್ತು. ಹಿಂದಿನಿಂದ ಒಂದು ಕೈ ಬಂದು ಒಲೆ ಆರಿಸಿತು.

“ಫಿನೀರ್” ಎಂದಳು ನನ್ನ ಹೆಂಡತಿ.